ಪದ ಪರಿಚಯ: ಶಿಲಾವೃತ್ತ ಸಮಾಧಿ

ಹೊಲದ ಅಂಚಿನಲ್ಲೋ ಗುಡ್ಡದ ಬುಡದಲ್ಲೋ ದೊಡ್ಡ ಗುಂಡುಕಲ್ಲುಗಳು ದುಂಡಗೆ ಸುತ್ತುಗಟ್ಟಿ, ನಡುವೆ ಮಣ್ಣು ಮತ್ತು ಸಣ್ಣ ಕಲ್ಲುಗಳ ದಿಬ್ಬ ತುಸು ಉಬ್ಬಿಕೊಂಡಿದ್ದರೆ ಅದು ಶಿಲಾವೃತ್ತ ಸಮಾಧಿ ಇರಬಹುದು. ದಕ್ಷಿಣ ಭಾರತದಲ್ಲಿ ಕಬ್ಬಿಣದ ಬಳಕೆ ಹಬ್ಬಿದ ಕಾಲದ ಜನ ತಮ್ಮವರ ಅಸ್ಥಿಗಳಿಗಾಗಿ ಕಟ್ಟಿದ ನೆಲೆಯಿದು. ಪುರಾತತ್ತ್ವಜ್ಞರು ಇದನ್ನು ಬೃಹತ್ ಶಿಲಾ ಸಮಾಧಿಗಳ ಸಾಲಿಗೆ ಸೇರಿಸುತ್ತಾರೆ. ಇಂಥ ಹಳೆಯ ಕಲ್ಲಿನ ರಚನೆಗಳನ್ನು ಮೋರ್ಯರ ಮನೆ, ಪಾಂಡವರ ಮನೆ ಎಂದು ಕರೆಯುವ ಊರುಗಳೂ ಇವೆ.

ಹೊರಗೆ ಕಾಣುವುದು ಅರ್ಧ ಮಾತ್ರ. ಅಶೋಕನ ಶಾಸನದಿಂದ ಹೆಸರಾದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ ಉಳಿದರ್ಧ ತೆರೆದುಕೊಂಡಿತು. ಕೆಲವು ವೃತ್ತಗಳ ನಡುವೆ ನೆಲದೊಳಗೆ ಕಲ್ಲುಚಪ್ಪಡಿಗಳ ಕೋಣೆಯಿತ್ತು. ಪ್ರತಿಯೊಂದು ಚಪ್ಪಡಿಯ ತುದಿಯನ್ನು ಪಕ್ಕದ ಚಪ್ಪಡಿಯಾಚೆ ಚಾಚಿ ನಿಲ್ಲಿಸಿದ್ದರಿಂದ, ಹೊರಗಿನ ಮಣ್ಣು ಒತ್ತಿದರೂ ಗೋಡೆ ಒಳಕ್ಕೆ ಕುಸಿಯುವಂತಿರಲಿಲ್ಲ. ಮೇಲಿನಿಂದ ನೋಡಿದರೆ ಅದು ಸ್ವಸ್ತಿಕದ ಆಕಾರ. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಗಾರೆಯಿಲ್ಲದೆ, ಕಲ್ಲಿನ ಭಾರವನ್ನು ಕಲ್ಲಿಗೇ ಹೊರಿಸಿದ ಆ ಕುಶಲಿಗಳ ಲೆಕ್ಕಾಚಾರ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಇನ್ನು ಕೆಲವು ವೃತ್ತಗಳಲ್ಲಿ ಕೋಣೆಯ ಬದಲು ಬರಿಯ ಗುಂಡಿಯಿತ್ತು.

ಕೋಣೆಗಳಲ್ಲಿ ಸಿಕ್ಕಿದ್ದು ಕಪ್ಪು-ಕೆಂಪು ಬಣ್ಣದ ಮಡಕೆಗಳು, ಕಬ್ಬಿಣದ ಆಯುಧಗಳು, ಮಣಿಗಳು ಮತ್ತು ಬಿಡಿಬಿಡಿಯಾದ ಮೂಳೆಗಳು. ಒಂದೇ ಕೋಣೆಯಲ್ಲಿ ಹಲವರ ಮೂಳೆಗಳಿದ್ದವು. ಶವವನ್ನು ಮೊದಲು ಬೇರೆಡೆ ಇರಿಸಿ, ಆಮೇಲೆ ಮೂಳೆಗಳನ್ನು ಆಯ್ದು ತಂದಿಡುತ್ತಿದ್ದರೆಂದು ಇದರಿಂದ ತಿಳಿಯುತ್ತದೆ.

ಇಷ್ಟೆಲ್ಲ ಗೊತ್ತಾದದ್ದು ಯಾವ ವಸ್ತು ಎಲ್ಲಿ, ಯಾವುದರ ಪಕ್ಕದಲ್ಲಿ, ಎಷ್ಟು ಆಳದಲ್ಲಿತ್ತು ಎಂಬುದರಿಂದ. ನಿಧಿಯ ಆಸೆಗೆ ಒಂದೇ ರಾತ್ರಿ ದಿಬ್ಬ ಬಗೆದವರು ಈ ಸಾಕ್ಷ್ಯವನ್ನೇ ಅಳಿಸಿಬಿಡುತ್ತಾರೆ. ಮಡಕೆಯ ಚೂರುಗಳನ್ನು ಮತ್ತೆ ಜೋಡಿಸಬಹುದು, ಅವು ಇದ್ದ ಕ್ರಮವನ್ನು ಜೋಡಿಸಲಾಗದು. ಕಲ್ಲುಗಣಿಗಾರಿಕೆಯೂ ಹೊಲ ಸಮ ಮಾಡುವ ಯಂತ್ರಗಳೂ ಇದೇ ನಷ್ಟವನ್ನು ಇನ್ನೂ ವೇಗವಾಗಿ ಮಾಡುತ್ತವೆ.

ಕೇಂದ್ರ ಸರ್ಕಾರ ಸಂರಕ್ಷಿತವೆಂದು ಘೋಷಿಸಿದ ನೆಲೆಗಳಿಗೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ರಕ್ಷಣೆಯಿದೆ. 2010ರ ತಿದ್ದುಪಡಿಯಂತೆ ಅವುಗಳ ಸುತ್ತಲಿನ 100 ಮೀಟರ್ ಕಟ್ಟಡ ನಿರ್ಮಾಣಕ್ಕೆ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕಾದ ನಿಯಂತ್ರಿತ ವಲಯ. ಗಂಗಾವತಿ ಬಳಿಯ ಹಿರೇಬೆಣಕಲ್ ಹೀಗೆ ರಕ್ಷಣೆ ಪಡೆದ ನೆಲೆ. ಅಲ್ಲಿ ಹೆಚ್ಚಾಗಿ ಕಾಣುವುದು ನೆಲದ ಮೇಲೆಯೇ ನಿಂತ ಕಲ್ಮನೆಗಳು. ಯಾವ ಪಟ್ಟಿಗೂ ಸೇರದ ದಿಬ್ಬಗಳು ಖಾಸಗಿ ಹೊಲಗಳಲ್ಲಿ ಇನ್ನೂ ಇವೆ. ಅಂಥದ್ದು ಕಣ್ಣಿಗೆ ಬಿದ್ದರೆ ಅಗೆಯದೆ, ಒಂದು ಕಲ್ಲನ್ನೂ ಕದಲಿಸದೆ, ಫೋಟೊ ತೆಗೆದು ತಹಶೀಲ್ದಾರರ ಕಚೇರಿಗೋ ರಾಜ್ಯ ಪುರಾತತ್ತ್ವ ಇಲಾಖೆಗೋ ತಿಳಿಸಿ.