ಮೀಟರಿನ ಕೆಂಪು ದೀಪ ಎಣಿಸುವುದು ಏನನ್ನು?

ಬದಿಯಡ್ಕದಿಂದ ಒಳಗಿನ ಊರೊಂದರ ಅಡಿಕೆ ಕೃಷಿಕರೊಬ್ಬರು ಕಳೆದ ಬೇಸಗೆಯಲ್ಲಿ ನನ್ನನ್ನು ಕರೆಸಿ, "ಸಂಜೆ ಹೊತ್ತು ಓಲ್ಟೇಜೇ ಇರುವುದಿಲ್ಲ. ಹಾಗಾದರೆ ಬಿಲ್ಲಾದರೂ ಕಮ್ಮಿ ಬರಬೇಕಲ್ಲ ಮಾರಾಯರೇ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹೇಳುವ ಬದಲು ಅವರನ್ನು ಜಗಲಿಯ ಮೀಟರಿನ ಮುಂದೆ ನಿಲ್ಲಿಸಿದೆ.

ಆ ಮೀಟರಿನಲ್ಲಿ ಪುಟ್ಟ ಕೆಂಪು ದೀಪವೊಂದು ಮಿನುಗುತ್ತಿರುತ್ತದೆ. ಪಕ್ಕದಲ್ಲಿ 3200 ಎಂದು ಬರೆದಿತ್ತು. ಅಂದರೆ ಅಷ್ಟು ಸಲ ಮಿನುಗಿದಾಗ ಒಂದು ಯೂನಿಟ್. ಪ್ರತಿಯೊಂದು ಮಿನುಗೂ ನಾವು ಬಳಸಿದ ವಿದ್ಯುತ್ ಶಕ್ತಿಯ ಒಂದು ತುಣುಕು, ಮಿನುಗುವ ವೇಗವೇ ಸಾಮರ್ಥ್ಯ (ಪವರ್). ಮೊದಲನೆಯದನ್ನು ಯೂನಿಟ್ಟಿನಲ್ಲಿ, ಎರಡನೆಯದನ್ನು ವ್ಯಾಟಿನಲ್ಲಿ ಅಳೆಯುತ್ತೇವೆ. ಮಾತಿನಲ್ಲಿ ಎರಡಕ್ಕೂ 'ಕರೆಂಟು' ಎಂದೇ ಹೇಳುವುದರಿಂದ ಗೊಂದಲ ಅಲ್ಲಿಂದಲೇ ಶುರುವಾಗುತ್ತದೆ.

ಉಳಿದೆಲ್ಲವನ್ನೂ ಆರಿಸಿ 2000 ವ್ಯಾಟಿನ ಗೀಸರ್ ಒಂದನ್ನೇ ಹಾಕಿದೆವು. ಓಲ್ಟೇಜ್ 180 ಇತ್ತು, ದೀಪ ನಿಮಿಷಕ್ಕೆ ಸುಮಾರು 65 ಸಲ ಮಿನುಗಿತು. 230 ಇದ್ದಿದ್ದರೆ 107 ಸಲ ಮಿನುಗಬೇಕಿತ್ತು. ಕಾಯಿಲ್‌ಗೆ ಸಿಗುವ ಸಾಮರ್ಥ್ಯ ಓಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದಾಗ ಬರುವ ಸಂಖ್ಯೆಗೆ) ತಕ್ಕಂತೆ ಇಳಿಯುವುದರಿಂದ 2000 ವ್ಯಾಟ್ 1225ಕ್ಕೆ ಕುಸಿದಿತ್ತು. ಆದರೆ 15 ಲೀಟರ್ ನೀರನ್ನು 25 ಡಿಗ್ರಿಯಿಂದ 65ಕ್ಕೆ ಏರಿಸಲು ಬೇಕಾದದ್ದು ಸುಮಾರು 0.7 ಯೂನಿಟ್, ನೀರು ಓಲ್ಟೇಜ್ ಕೇಳುವುದಿಲ್ಲ. 21 ನಿಮಿಷದ ಕೆಲಸಕ್ಕೆ 34 ನಿಮಿಷ ಹಿಡಿಯಿತು, ಅಷ್ಟೇ. ಆ ಹೆಚ್ಚುವರಿ ಹೊತ್ತಿನಲ್ಲಿ ತೊಟ್ಟಿಯಿಂದ ಸೋರುವ ಬಿಸಿಯನ್ನೂ ಸೇರಿಸಿದರೆ ಬಿಲ್ಲು ಕೂದಲೆಳೆಯಷ್ಟು ಏರಬಹುದೇ ಹೊರತು ಇಳಿಯುವುದಿಲ್ಲ.

ಪಂಪಿನ ಲೆಕ್ಕ ಇನ್ನೂ ತೊಡಕಿನದು. ನೀರೆತ್ತುವ ಹೊರೆ ಹೆಚ್ಚುಕಡಿಮೆ ಹಾಗೆಯೇ ಇರುವಾಗ ಓಲ್ಟೇಜ್ ಇಳಿದರೆ, ಮೋಟಾರು ಆ ಕೊರತೆಯನ್ನು ತುಂಬಿಕೊಳ್ಳಲು ಹೆಚ್ಚು ಆಂಪಿಯರ್ (ತಂತಿಯಲ್ಲಿ ಹರಿಯುವ ವಿದ್ಯುತ್ ಪ್ರವಾಹದ ಅಳತೆ) ಎಳೆಯುತ್ತದೆ. ತಂತಿಯಲ್ಲಿ ಬಿಸಿಯಾಗಿ ಪೋಲಾಗುವ ಸಾಮರ್ಥ್ಯವಾದರೋ ಆಂಪಿಯರಿನ ವರ್ಗಕ್ಕೆ ಅನುಗುಣ. ಇವರ ಒಂದು ಎಚ್‌ಪಿ ಪಂಪು ಮನೆಯಿಂದ 150 ಮೀಟರ್ ಕೆಳಗೆ, ತೋಡಿನ ಕರೆಯ ಬಾವಿಯಲ್ಲಿತ್ತು, ಅಲ್ಲಿಯವರೆಗೆ 2.5 ಚದರ ಮಿಲಿಮೀಟರಿನ ತಾಮ್ರದ ವೈರ್ ಎಳೆದಿದ್ದರು. ಹೋಗಿಬರುವ 300 ಮೀಟರಿನ ಪ್ರತಿರೋಧ ಸುಮಾರು 2 ಓಮ್. 7 ಆಂಪಿಯರ್ ಹರಿದಾಗ 14 ವೋಲ್ಟ್ ದಾರಿಯಲ್ಲೇ ಕಳೆದು, 98 ವ್ಯಾಟ್ ಪೋಲಾಗುತ್ತದೆ. ಅದೇ 10 ಆಂಪಿಯರ್ ಆದಾಗ ಪೋಲು 200 ವ್ಯಾಟ್, ಅಂದರೆ ಐದು ತಾಸು ಓಡಿದರೆ ಒಂದು ಯೂನಿಟ್ ಗಾಳಿಗೆ. ಮೋಟಾರಿನ ಒಳಗಿನ ಸುತ್ತುಗಳಲ್ಲಿಯೂ ಇದೇ ನಿಯಮ ನಡೆಯುತ್ತದೆ. ಎಪ್ರಿಲ್ ತಿಂಗಳಲ್ಲಿ ಕಪ್ಪಾದ ವೈಂಡಿಂಗ್ ಹೊತ್ತು ಬರುವವರ ಸಾಲು ಉದ್ದವಾಗುವುದಕ್ಕೆ ನನ್ನ ಅನುಭವದಲ್ಲಿ ಇದೇ ಮುಖ್ಯ ಕಾರಣ.

ಕೃಷಿಕರು ಸ್ಟೆಬಿಲೈಸರ್ ತರಲು ಹೊರಟಿದ್ದರು. ನಾನು ತಡೆದು, ಮೊದಲು ಪಂಪು ಓಡುವಾಗ ಬಾವಿಕಟ್ಟೆಯ ಸ್ವಿಚ್ಚಿನಲ್ಲಿ ಓಲ್ಟೇಜ್ ಅಳೆದೆ: 158. ಜಗಲಿಯಲ್ಲಿ 180 ಇದ್ದದ್ದರಲ್ಲಿ 22 ವೋಲ್ಟ್ ಅವರದೇ ತೋಟದ ವೈರಿನಲ್ಲಿ ಕರಗುತ್ತಿತ್ತು. ಟ್ರಾನ್ಸ್‌ಫಾರ್ಮರಿನಿಂದ ಮೀಟರಿನವರೆಗಿನ ಪೋಲು ಅವರ ಬಿಲ್ಲಿಗೆ ಸೇರದು. ಮೀಟರ್ ದಾಟಿದ ಮೇಲಿನದು ಪೂರ್ತಿ ಅವರದೇ. 4 ಚದರ ಮಿಲಿಮೀಟರಿನ ವೈರ್ ಹಾಕಿದ ಮೇಲೆ ಬಾವಿಯ ಬಳಿ 167 ಬಂತು. ಜಗಲಿಯ 180 ಮಾತ್ರ ಹಾಗೆಯೇ ಉಳಿದಿದ್ದರಿಂದ, ಸಂಜೆ ಪಂಪು ಹಾಕದೆ ಬೆಳಗಿನ ಜಾವಕ್ಕೆ ಬದಲಿಸಿಕೊಳ್ಳಲು ಹೇಳಿ ಬಂದೆ.