ಸದಸ್ಯರಿಲ್ಲದ ಜಿಲ್ಲಾ ಪಂಚಾಯಿತಿ: ಈ ಕಗ್ಗಂಟು ಬೆಳೆದ ಬಗೆ

ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರ ಫೆಬ್ರುವರಿ 13 ಮತ್ತು 20ರಂದು ಮತದಾನ ನಡೆದಿತ್ತು. ಆಗ ಗೆದ್ದವರ ಅವಧಿ 2021ರ ಬೇಸಿಗೆಯಲ್ಲಿ ಮುಗಿಯಿತು. ಅದಾದ ನಾಲ್ಕು ವರ್ಷಗಳ ಮೇಲೂ ಹೊಸ ಸದಸ್ಯರು ಬರಲಿಲ್ಲ. ಈ ನಡುವೆ ವಿಧಾನಸಭೆಗೆ ಚುನಾವಣೆ ನಡೆಯಿತು, ಲೋಕಸಭೆಗೂ ನಡೆಯಿತು, ಸರ್ಕಾರವೂ ಬದಲಾಯಿತು. ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿ ಪಟ್ಟಿ, ಆಯೋಗ, ತಿದ್ದುಪಡಿ, ಹೈಕೋರ್ಟ್ ಅರ್ಜಿ ಎಂಬ ಮಾತುಗಳು ಪತ್ರಿಕೆಗಳಲ್ಲಿ ಬಂದು ಹೋಗುತ್ತಲೇ ಇದ್ದವು. ಓದುಗರಿಗೆ ಇದರ ಜಾಡು ತಪ್ಪಿದ್ದರೆ ಅದು ಅವರ ತಪ್ಪಲ್ಲ.

ಜಿಲ್ಲಾ ಪಂಚಾಯಿತಿಯ ಕೆಲಸ ಸಣ್ಣದಲ್ಲ. ಹಳ್ಳಿಯ ಸರ್ಕಾರಿ ಶಾಲೆಯ ಸೋರುವ ಕೊಠಡಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಅಂಗನವಾಡಿ, ಕುಡಿಯುವ ನೀರು, ವಿದ್ಯಾರ್ಥಿ ನಿಲಯ, ಪಶು ಆಸ್ಪತ್ರೆ, ಹಳ್ಳಿಯಿಂದ ಹಳ್ಳಿಗೆ ಹೋಗುವ ರಸ್ತೆ, ಇವೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಅದರ ಅಂಗಳಕ್ಕೆ ಬರುತ್ತವೆ. ಗ್ರಾಮ ಪಂಚಾಯಿತಿ ಸದಸ್ಯರು ಪಕ್ಕದ ಬೀದಿಯಲ್ಲೇ ಸಿಗುತ್ತಾರೆ, ಆದರೆ ವೈದ್ಯರ ಹುದ್ದೆ ಏಕೆ ಖಾಲಿ ಇದೆ ಎಂಬ ಪ್ರಶ್ನೆಗೆ ಉತ್ತರ ತರುವ ಅಧಿಕಾರ ಅವರಿಗಿಲ್ಲ. ಶಾಸಕರಿಗೆ ಅಧಿಕಾರವಿದೆ, ಆದರೆ ಅವರ ಕ್ಷೇತ್ರ ದೊಡ್ಡದು, ಬಾಗಿಲಲ್ಲಿ ಕಾಯುವವರು ಬಹಳ. ಇವರಿಬ್ಬರ ನಡುವೆ, ಹೋಬಳಿಯ ಜನಕ್ಕೆ ಹೆಸರು ಹಿಡಿದು ಕರೆಯಲು ಸಿಗುತ್ತಿದ್ದವರು ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿ ಸದಸ್ಯರು. ಈಗ ಅಲ್ಲಿ ಆಡಳಿತಾಧಿಕಾರಿ ಇದ್ದಾರೆ, ಮುಖ್ಯ ಕಾರ್ಯನಿರ್ವಹಣಾಧಿಕಾರಿ ಇದ್ದಾರೆ, ಕಡತಗಳು ಸಾಗುತ್ತವೆ. ಜಿಲ್ಲಾ ಉಸ್ತುವಾರಿ ಸಚಿವರು ಕೆಡಿಪಿ ಸಭೆ, ಅಂದರೆ ಅಭಿವೃದ್ಧಿ ಕಾರ್ಯಕ್ರಮಗಳ ಪ್ರಗತಿ ಪರಿಶೀಲನಾ ಸಭೆ, ನಡೆಸುತ್ತಾರೆ. ಹಲವು ಅಧಿಕಾರಿಗಳು ನಿಷ್ಠೆಯಿಂದ ದುಡಿಯುತ್ತಾರೆ. ಆದರೆ ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು, ನಮ್ಮೂರಿನ ಹಣ ಎಲ್ಲಿಗೆ ಹೋಯಿತು ಎಂದು ಕೇಳಲು ಮತ ಪಡೆದು ಬಂದವರು ಯಾರೂ ಅಲ್ಲಿಲ್ಲ.

ಇದರ ಬೇರು ಹಳೆಯದು. ಮೈಸೂರು ಸಂಸ್ಥಾನದಲ್ಲಿ 1902ರಲ್ಲೇ ಸ್ಥಳೀಯ ಮಂಡಳಿಗಳ ಕಾಯ್ದೆ ಇತ್ತು. ಸ್ವಾತಂತ್ರ್ಯದ ನಂತರ ಸಂವಿಧಾನದ 40ನೇ ವಿಧಿ ಗ್ರಾಮ ಪಂಚಾಯಿತಿಗಳನ್ನು ಕಟ್ಟಿರೆಂದು ರಾಜ್ಯಗಳಿಗೆ ಹೇಳಿತು, ಆದರೆ ಕಡ್ಡಾಯ ಮಾಡಲಿಲ್ಲ. ಬಲವಂತರಾಯ್ ಮೆಹ್ತಾ ಸಮಿತಿ 1957ರಲ್ಲಿ ಮೂರು ಹಂತದ ವ್ಯವಸ್ಥೆಯನ್ನು ಸೂಚಿಸಿತು. ನಮ್ಮಲ್ಲಿ 1959ರ ಕಾಯ್ದೆಯಿಂದ ತಾಲ್ಲೂಕು ಅಭಿವೃದ್ಧಿ ಮಂಡಳಿಗಳು ಬಂದವು. ಜಿಲ್ಲಾ ಮಟ್ಟದಲ್ಲಿ ಇದ್ದದ್ದು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ, ಸಲಹೆ ಕೊಡುವಷ್ಟೇ ಅಧಿಕಾರವಿದ್ದ ಪರಿಷತ್ತು. ತಾಲ್ಲೂಕು ಮಂಡಳಿಗಳಿಗೆ ಚುನಾವಣೆ ನಡೆದದ್ದು 1960, 1968 ಮತ್ತು 1978ರಲ್ಲಿ. ಈ ಮೂರು ಇಸವಿಗಳ ನಡುವಿನ ಅಂತರ ನೋಡಿದರೆ ಸಾಕು, ವಿಳಂಬ ಎಂಬುದು ಇವತ್ತಿನ ರೋಗವಲ್ಲ ಎಂದು ತಿಳಿಯುತ್ತದೆ. ಆದರೂ ಆ ಮಂಡಳಿಗಳು ನಾಯಕರನ್ನು ಬೆಳೆಸಿದವು. ಸಿದ್ದರಾಮಯ್ಯ ಅವರ ರಾಜಕೀಯ ಬದುಕು ಮೈಸೂರು ತಾಲ್ಲೂಕು ಅಭಿವೃದ್ಧಿ ಮಂಡಳಿಯ ಸದಸ್ಯತ್ವದಿಂದಲೇ ಆರಂಭವಾಯಿತು.

ನಿಜವಾದ ತಿರುವು ಬಂದದ್ದು 1983ರಲ್ಲಿ. ರಾಮಕೃಷ್ಣ ಹೆಗಡೆ ಅವರ ಜನತಾ ಸರ್ಕಾರ ಅಧಿಕಾರಕ್ಕೆ ಬಂದು, ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಅವರಿಗೆ ಸಿಕ್ಕಿತು. ಬರದ ಊರುಗಳಲ್ಲಿ ಕೊಳವೆ ಬಾವಿ ಕೊರೆಸಿದ್ದಕ್ಕೆ ಜನ ಅವರನ್ನು ‘ನೀರ್ ಸಾಬ್’ ಎಂದು ಕರೆದರು. ನಾಡು ಅವರನ್ನು ಹೆಚ್ಚಾಗಿ ನೆನೆಯುವುದು ಆ ನೀರಿಗಾಗಿ. ಅವರು ತಂದ ಕಾಯ್ದೆಯನ್ನೂ ಅಷ್ಟೇ ನೆನೆಯಬೇಕು ಎಂಬುದು ನನ್ನ ಅನಿಸಿಕೆ. ಅಶೋಕ್ ಮೆಹ್ತಾ ಸಮಿತಿ 1978ರಲ್ಲಿ ಕೊಟ್ಟ ವರದಿಯ ಜಾಡಿನಲ್ಲಿ, ಜಿಲ್ಲಾ ಪರಿಷತ್ತು ಮತ್ತು ಹಲವು ಹಳ್ಳಿಗಳು ಸೇರಿದ ಮಂಡಲ ಪಂಚಾಯಿತಿ ಎಂಬ ಎರಡು ಗಟ್ಟಿ ಕಂಬಗಳ ಮೇಲೆ ಆ ಕಾಯ್ದೆ ನಿಂತಿತ್ತು. ಶಾಸನಸಭೆ ಅದನ್ನು 1983ರಲ್ಲಿ ಒಪ್ಪಿದರೂ ರಾಷ್ಟ್ರಪತಿಗಳ ಅಂಕಿತ ಬಂದದ್ದು 1985ರಲ್ಲಿ. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ.

ಆ ಕಾಯ್ದೆಯಲ್ಲಿದ್ದ ಧೈರ್ಯವನ್ನು ಇಂದು ಓದಿದರೂ ಅಚ್ಚರಿಯಾಗುತ್ತದೆ. ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟಿತು. ಸಂವಿಧಾನವೇ ಮೂರನೇ ಒಂದು ಭಾಗ ಎಂದು ಹೇಳುವುದಕ್ಕೆ ಇನ್ನೂ ಹಲವು ವರ್ಷಗಳಿದ್ದವು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಸಿಕ್ಕಿತು. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಬಂದ ಐಎಎಸ್ ಅಧಿಕಾರಿ ಸೇವಾ ಹಿರಿತನದಲ್ಲಿ ಜಿಲ್ಲಾಧಿಕಾರಿಗಿಂತ ಮೇಲಿನವರು. ಬ್ರಿಟಿಷರ ಕಾಲದಿಂದ ಜಿಲ್ಲೆ ಎಂದರೆ ಕಲೆಕ್ಟರು ಎಂದು ನಂಬಿದ್ದ ಆಡಳಿತಕ್ಕೆ ಇದು ಸಣ್ಣ ಬದಲಾವಣೆಯಲ್ಲ. ಕಂದಾಯ ಮತ್ತು ಶಾಂತಿ ಸುವ್ಯವಸ್ಥೆ ಜಿಲ್ಲಾಧಿಕಾರಿಯ ಬಳಿ ಉಳಿದವು. ಅಭಿವೃದ್ಧಿಯ ಇಲಾಖೆಗಳು ತಮ್ಮ ಜಿಲ್ಲಾ ಮಟ್ಟದ ಯೋಜನೆ ಮತ್ತು ಸಿಬ್ಬಂದಿಯ ಸಮೇತ ಪರಿಷತ್ತಿನ ಅಡಿಗೆ ಬಂದವು. ರಾಜ್ಯ ಬಜೆಟ್ಟಿನಲ್ಲಿ ‘ಜಿಲ್ಲಾ ವಲಯ’ ಬೇರೆಯಾಯಿತು. ಯಾವ ಜಿಲ್ಲೆಗೆ ಯಾವ ಬಾಬ್ತಿನಲ್ಲಿ ಎಷ್ಟು ಎಂದು ತೋರಿಸುವ ‘ಲಿಂಕ್ ಡಾಕ್ಯುಮೆಂಟ್’ ಎಂಬ ಸಂಪುಟದ ಹೆಸರು ಪಂಚಾಯಿತಿ ಲೆಕ್ಕ ಬಲ್ಲವರ ಬಾಯಲ್ಲಿ ಈಗಲೂ ಇದೆ.

ರಿಸರ್ವ್ ಬ್ಯಾಂಕಿನ ಉಪ ಗವರ್ನರ್ ಆಗಿದ್ದ ಕೆ.ಎಸ್. ಕೃಷ್ಣಸ್ವಾಮಿ ಅವರ ನೇತೃತ್ವದ ಸಮಿತಿ 1989ರಲ್ಲಿ ಈ ವ್ಯವಸ್ಥೆಯನ್ನು ಪರಿಶೀಲಿಸಿತು. ಆ ಐದು ವರ್ಷಗಳನ್ನು ಅಧ್ಯಯನ ಮಾಡಿದವರು ಮತ್ತೆ ಮತ್ತೆ ಹೇಳಿದ ಒಂದು ಮಾತಿದೆ: ಶಾಲೆಗೆ ಮೇಷ್ಟ್ರು, ಆಸ್ಪತ್ರೆಗೆ ವೈದ್ಯರು ಬರುವುದು ಹೆಚ್ಚಾಯಿತು. ಕಾರಣ ಸರಳ. ಕೇಳುವವರು ಹತ್ತಿರದಲ್ಲೇ ಇದ್ದರು, ಕೇಳಿದರೆ ಉತ್ತರಿಸಬೇಕಾದ ಅಧಿಕಾರಿಯೂ ಅದೇ ಸಭೆಯಲ್ಲಿ ಇರುತ್ತಿದ್ದರು.

ಎಲ್ಲವೂ ಚೆನ್ನಾಗಿತ್ತು ಎಂದೇನಲ್ಲ. ಕಾಯ್ದೆಯ ಹೆಸರಿನಲ್ಲೇ ಇದ್ದ ನ್ಯಾಯ ಪಂಚಾಯಿತಿಗಳು ಹುಟ್ಟಲೇ ಇಲ್ಲ. ವರ್ಷಕ್ಕೆ ಎರಡು ಗ್ರಾಮ ಸಭೆ ಎಂಬ ನಿಯಮವನ್ನು ಹಲವು ಮಂಡಲಗಳು ನೆಪಕ್ಕೆ ಪಾಲಿಸಿದವು. ಊರಿನ ಜಾತಿಬಲ, ಭೂಮಿಬಲ ಹೊಸ ಕುರ್ಚಿಗಳಲ್ಲೂ ಬಂದು ಕುಳಿತವು. ಆದರೆ ನನ್ನ ದೃಷ್ಟಿಯಲ್ಲಿ ಮುಂದಿನ ಇಡೀ ಕಥೆಗೆ ಕೀಲಿಯಾದದ್ದು ಬೇರೊಂದು ಅಂಶ. 1983ರ ಕಾಯ್ದೆಯಲ್ಲಿ ತಾಲ್ಲೂಕು ಪಂಚಾಯಿತಿ ಸಮಿತಿಗೆ ನೇರ ಚುನಾವಣೆ ಇರಲಿಲ್ಲ. ಅದರ ಅಧ್ಯಕ್ಷ ಪೀಠ ಶಾಸಕರದು. ಕೆಳಗೆ ಮಂಡಲ, ಮೇಲೆ ಜಿಲ್ಲೆ, ಎರಡರಲ್ಲೂ ಹೊಸ ನಾಯಕರು ಬಂದಾಗ ಶಾಸಕರಿಗೂ ಒಂದು ಗೌರವದ ಜಾಗ ಇರಲಿ ಎಂಬ ಹೊಂದಾಣಿಕೆ ಅದು. ಅಧಿಕಾರ ಹಂಚುವಾಗ ಯಾರ ಕೈಯಿಂದ ಹಂಚಬೇಕೋ ಅವರ ಅಸಮಾಧಾನವನ್ನು ನಜೀರ್ ಸಾಬ್ ಅರಿತಿದ್ದರು.

ಹೆಗಡೆ 1988ರಲ್ಲಿ ರಾಜೀನಾಮೆ ಕೊಟ್ಟರು. ನಜೀರ್ ಸಾಬ್ ಅದೇ ವರ್ಷ ತೀರಿಕೊಂಡರು. 1989ರ ಕೊನೆಯಲ್ಲಿ ಸರ್ಕಾರ ಬದಲಾಯಿತು. 1992ರಲ್ಲಿ ಪರಿಷತ್ತುಗಳ ಅವಧಿ ಮುಗಿದಾಗ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದರು. ಇಂದು ನಾವು ನೋಡುತ್ತಿರುವ ಸ್ಥಿತಿಯನ್ನು ಕರ್ನಾಟಕ ಆಗಲೇ ಒಮ್ಮೆ ಕಂಡಿತ್ತು. ವ್ಯತ್ಯಾಸವೆಂದರೆ ಆಗ ಸಂವಿಧಾನ ಈ ಬಗ್ಗೆ ಮೌನವಾಗಿತ್ತು.

ಆ ಮೌನ ಮುರಿದದ್ದು 73ನೇ ತಿದ್ದುಪಡಿ. ಅದು ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು. 243ಇ ವಿಧಿ ಪಂಚಾಯಿತಿಯ ಅವಧಿ ಐದು ವರ್ಷ ಎನ್ನುತ್ತದೆ, ಅದು ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎನ್ನುತ್ತದೆ. ಚುನಾವಣೆ ನಡೆಸಲೆಂದೇ ರಾಜ್ಯ ಚುನಾವಣಾ ಆಯೋಗ, ಹಣ ಹಂಚಿಕೆಗೆ ರಾಜ್ಯ ಹಣಕಾಸು ಆಯೋಗ, ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳು. ಕರ್ನಾಟಕ 1993ರ ಮೇ 10ರಿಂದ ತನ್ನ ಹೊಸ ಕಾಯ್ದೆಯನ್ನು ಜಾರಿಗೆ ತಂದಿತು. ಈಗ ತಾಲ್ಲೂಕು ಪಂಚಾಯಿತಿಗೂ ನೇರ ಚುನಾವಣೆ. ಶಾಸಕರಿಗೆ ಅಲ್ಲಿ ಸದಸ್ಯರಾಗಿ ಕೂರುವ ಅವಕಾಶ ಉಳಿಯಿತು, ಅಧ್ಯಕ್ಷತೆ ಉಳಿಯಲಿಲ್ಲ.

1995, 2000, 2005, 2010, 2016ರಲ್ಲಿ ಚುನಾವಣೆಗಳು ನಡೆದವು. 2010ರಲ್ಲಿ ಮಹಿಳಾ ಮೀಸಲಾತಿ ಶೇ 50ಕ್ಕೆ ಏರಿತು. ಕಾಯ್ದೆಯ ಸುಧಾರಣೆಗೆ ರಚನೆಯಾಗಿದ್ದ ರಮೇಶ್ ಕುಮಾರ್ ಸಮಿತಿಯ ವರದಿಯ ಬಳಿಕ 2015ರಲ್ಲಿ ದೊಡ್ಡ ತಿದ್ದುಪಡಿಯಾಗಿ, ಕಾಯ್ದೆಗೆ ಗ್ರಾಮ ಸ್ವರಾಜ್ ಎಂಬ ಹೆಸರೂ ಸೇರಿತು. ಕಾಗದದ ಮೇಲೆ ಪಂಚಾಯಿತಿ ಬೆಳೆಯುತ್ತಿದ್ದಾಗ, ಅದರ ಸುತ್ತ ಬೇರೆ ದಾರಿಗಳೂ ಬೆಳೆದವು. ಆಶ್ರಯ ಮನೆಗಳ ಫಲಾನುಭವಿ ಆಯ್ಕೆ ಒಂದು ಕಾಲದಲ್ಲಿ ಶಾಸಕರ ಅಧ್ಯಕ್ಷತೆಯ ಸಮಿತಿಗೆ ಹೋಯಿತು. ಶಾಸಕರಿಗೆ ಪ್ರದೇಶಾಭಿವೃದ್ಧಿ ನಿಧಿ ಬಂತು. ಹದಿನಾಲ್ಕನೇ ಹಣಕಾಸು ಆಯೋಗ ಕೇಂದ್ರದ ಅನುದಾನವನ್ನು ಗ್ರಾಮ ಪಂಚಾಯಿತಿಗೆ ಮಾತ್ರ ಕೊಟ್ಟಿತು, ಮೇಲಿನ ಎರಡು ಹಂತಗಳು ಬರಿಗೈಯಲ್ಲಿ ಉಳಿದವು. ಜಿಲ್ಲಾ ವಲಯದ ಹಣದಲ್ಲಿ ಬಹುಪಾಲು ಸಂಬಳಕ್ಕೆ ಮತ್ತು ಮೊದಲೇ ಗೊತ್ತುಮಾಡಿದ ಯೋಜನೆಗಳಿಗೆ ಹೋಗುತ್ತದೆ, ಸದಸ್ಯರು ನಿರ್ಧರಿಸಬಹುದಾದ ಹಣ ಅಲ್ಪ. ತಾಲ್ಲೂಕು ಪಂಚಾಯಿತಿ ಬೇಕೇ ಎಂಬ ಚರ್ಚೆಯನ್ನು ಆಗಾಗ ಎತ್ತುವವರು, ಅದರ ಕೈ ಕಟ್ಟಿದ್ದು ಹೇಗೆ ಎಂಬುದನ್ನೂ ಜೊತೆಗೇ ಹೇಳಬೇಕು. 20 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ರಾಜ್ಯದಲ್ಲಿ ಅದನ್ನು ರದ್ದು ಮಾಡಲು ಸಂವಿಧಾನ ಬಿಡುವುದಿಲ್ಲ ಎಂಬುದನ್ನೂ.

ಇನ್ನು ಈಗಿನ ಗಂಟು. 2021ರಲ್ಲಿ ಅವಧಿ ಮುಗಿದ ಆಸುಪಾಸಿನಲ್ಲಿ ರಾಜ್ಯ ಚುನಾವಣಾ ಆಯೋಗ ಕ್ಷೇತ್ರ ಪುನರ್ವಿಂಗಡಣೆ ಮಾಡಿ, ಮೀಸಲಾತಿಯ ಕರಡನ್ನೂ ಹೊರಡಿಸಿತ್ತು. ಕೋವಿಡ್ಡಿನ ಎರಡನೇ ಅಲೆ ಇತ್ತು, ನಿಜ. ಆದರೆ ಅದೇ ಕೋವಿಡ್ ಕಾಲದಲ್ಲಿ, 2020ರ ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯಿತಿ ಚುನಾವಣೆ ನಡೆದಿತ್ತು. ಆಯೋಗ ಮಾಡಿದ ವಿಂಗಡಣೆಗೆ ಹಲವು ಕಡೆಯಿಂದ, ಪಕ್ಷಭೇದವಿಲ್ಲದೆ ಆಕ್ಷೇಪ ಬಂತು. 2021ರ ಸೆಪ್ಟೆಂಬರ್‌ನಲ್ಲಿ ಶಾಸನಸಭೆ ಕಾಯ್ದೆಗೆ ತಿದ್ದುಪಡಿ ತಂದು, ಪುನರ್ವಿಂಗಡಣೆಯ ಅಧಿಕಾರವನ್ನು ಚುನಾವಣಾ ಆಯೋಗದಿಂದ ಹಿಂಪಡೆದು, ಅದಕ್ಕೆಂದೇ ಬೇರೆ ಆಯೋಗ ರಚಿಸಲು ದಾರಿ ಮಾಡಿತು. ಆಗಲೇ ಆಗಿದ್ದ ಕೆಲಸ ಮತ್ತೆ ಮೊದಲಿನಿಂದ ಶುರುವಾಯಿತು. ಸುಮಾರು 50 ಹೊಸ ತಾಲ್ಲೂಕುಗಳು ಮತ್ತು ವಿಜಯನಗರ ಎಂಬ ಹೊಸ ಜಿಲ್ಲೆ ಸೇರಿದ್ದರಿಂದ ಲೆಕ್ಕ ಸುಲಭವೂ ಆಗಿರಲಿಲ್ಲ.

ಇನ್ನೊಂದು ಎಳೆ ಸುಪ್ರೀಂ ಕೋರ್ಟಿನಿಂದ ಬಂತು. ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ 2021ರ ಮಾರ್ಚ್ 4ರಂದು ಬಂದ ತೀರ್ಪು, ಹಿಂದುಳಿದ ವರ್ಗಗಳ ರಾಜಕೀಯ ಮೀಸಲಾತಿಗೆ ಮೂರು ಷರತ್ತು ಹಾಕಿತು: ಸ್ಥಳೀಯ ಸಂಸ್ಥೆಗಳಲ್ಲಿನ ಹಿಂದುಳಿದಿರುವಿಕೆಯನ್ನು ಅಧ್ಯಯನ ಮಾಡಲು ಆಯೋಗ ಬೇಕು, ಅದರ ಶಿಫಾರಸಿನಂತೆ ಪ್ರಮಾಣ ನಿಗದಿಯಾಗಬೇಕು, ಒಟ್ಟು ಮೀಸಲಾತಿ ಶೇ 50 ಮೀರಬಾರದು. ಕರ್ನಾಟಕ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗವನ್ನು ರಚಿಸಿತು, 2022ರ ಜುಲೈನಲ್ಲಿ ವರದಿ ಬಂತು. ಹಿಂದುಳಿದ ವರ್ಗಗಳಿಗೆ ಮೂರನೇ ಒಂದು ಭಾಗ ಎಂದು ಅದು ಹೇಳಿತು. ಈ ಮೀಸಲಾತಿ ಬಿಟ್ಟು ಚುನಾವಣೆಗೆ ಹೋಗಲು ಯಾವ ಪಕ್ಷವೂ ಸಿದ್ಧವಿರಲಿಲ್ಲ, ಅದು ಸರಿಯೂ ಹೌದು. ಆದರೆ ಅದೇ ಸುಪ್ರೀಂ ಕೋರ್ಟ್ 2022ರ ಮೇ 10ರಂದು ಮಧ್ಯಪ್ರದೇಶದ ಪ್ರಕರಣದಲ್ಲಿ, ಈ ಪ್ರಕ್ರಿಯೆಗಳು ಮುಗಿದಿಲ್ಲವೆಂದು ಚುನಾವಣೆಯನ್ನು ಮುಂದೂಡುವಂತಿಲ್ಲ ಎಂದೂ ಹೇಳಿತ್ತು. ಎರಡು ತೀರ್ಪುಗಳಲ್ಲಿ ಮೊದಲನೆಯದು ನಮ್ಮಲ್ಲಿ ಹೆಚ್ಚು ಉಲ್ಲೇಖವಾಯಿತು.

ಹೈಕೋರ್ಟಿನಲ್ಲಿ ಚುನಾವಣಾ ಆಯೋಗವೇ ಅರ್ಜಿದಾರ. ಕಾಲಾವಕಾಶ ಕೇಳುವುದು, ಕೊಡುವುದು ನಡೆಯುತ್ತಲೇ ಇತ್ತು. 2022ರ ಡಿಸೆಂಬರ್‌ನಲ್ಲಿ ವಿಳಂಬಕ್ಕಾಗಿ ನ್ಯಾಯಾಲಯ ಸರ್ಕಾರಕ್ಕೆ ₹5 ಲಕ್ಷ ದಂಡ ವಿಧಿಸಿತು. 2023ರ ಮೇ ತಿಂಗಳಲ್ಲಿ ವಿಧಾನಸಭಾ ಚುನಾವಣೆಯಾಗಿ ಆಡಳಿತ ಪಕ್ಷ ವಿರೋಧ ಪಕ್ಷವಾಯಿತು, ವಿರೋಧ ಪಕ್ಷ ಆಡಳಿತಕ್ಕೆ ಬಂತು. ಪುನರ್ವಿಂಗಡಣೆ ಮುಗಿದ ಮೇಲೆ ಮೀಸಲಾತಿ ಪಟ್ಟಿಯ ಸರದಿ ಬಂದು ಅಲ್ಲಿ ನಿಂತಿತು. ಪ್ರತಿಯೊಂದು ಕಾರಣವನ್ನು ಬಿಡಿಯಾಗಿ ನೋಡಿದರೆ ಸಮರ್ಥನೆ ಸಿಗುತ್ತದೆ. ಸಾಲಾಗಿ ಇಟ್ಟು ನೋಡಿದಾಗ, ಚುನಾವಣೆ ಬೇಗ ಆಗಲಿ ಎಂಬ ತವಕ ಯಾವ ಹಂತದಲ್ಲೂ, ಯಾರಲ್ಲೂ ಕಾಣುವುದಿಲ್ಲ.

ಇದರ ಬೆಲೆಯನ್ನು ಕೆಲವು ಕಡೆ ನೇರವಾಗಿ ತೋರಿಸಬಹುದು. ಹದಿನೈದನೇ ಹಣಕಾಸು ಆಯೋಗ ಮತ್ತೆ ಮೂರೂ ಹಂತಗಳಿಗೆ ಅನುದಾನ ಕೊಟ್ಟಿತು, ಆದರೆ ಚುನಾಯಿತ ಸಂಸ್ಥೆ ಇರಬೇಕು ಎಂಬ ಷರತ್ತಿನೊಂದಿಗೆ. ಬಾಗಿಲು ತೆರೆದಾಗ ನಮ್ಮ ಎರಡು ಹಂತಗಳಲ್ಲಿ ಒಳಹೋಗಲು ಯಾರೂ ಇರಲಿಲ್ಲ. 2021ರ ಡಿಸೆಂಬರ್‌ನಲ್ಲಿ ಸ್ಥಳೀಯ ಸಂಸ್ಥೆಗಳಿಂದ ವಿಧಾನ ಪರಿಷತ್ತಿನ 25 ಸ್ಥಾನಗಳಿಗೆ ಚುನಾವಣೆ ನಡೆದಾಗ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಸದಸ್ಯರು ಮತದಾರರ ಪಟ್ಟಿಯಲ್ಲೇ ಇರಲಿಲ್ಲ. ಎಲ್ಲಕ್ಕಿಂತ ನೋವಿನದು ಮಹಿಳೆಯರ ವಿಷಯ. ಅರ್ಧದಷ್ಟು ಸ್ಥಾನ ಮಹಿಳೆಯರಿಗಿದ್ದ ಈ ಎರಡು ಸಂಸ್ಥೆಗಳಲ್ಲಿ ಒಂದು ಇಡೀ ಅವಧಿಗೆ ಬರಬೇಕಿದ್ದ ಸಾವಿರಾರು ಹೆಣ್ಣುಮಕ್ಕಳು ಬರಲಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಪಳಗಿದವರಿಗೆ ಮೇಲಿನ ಮೆಟ್ಟಿಲು ಸಿಗಲಿಲ್ಲ. ವಿಧಾನಸಭೆಯಲ್ಲಿ ಮಹಿಳೆಯರ ಸಂಖ್ಯೆ ಏಕೆ ಇಷ್ಟು ಕಡಿಮೆ ಎಂದು ಕೇಳುವವರು ಈ ಮೆಟ್ಟಿಲಿನ ಬಗ್ಗೆಯೂ ಕೇಳಬೇಕು.

ನಗರದವರಿಗೂ ಇದು ದೂರದ ಮಾತಲ್ಲ. ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಗ್ರೇಟರ್ ಬೆಂಗಳೂರು ಕಾಯ್ದೆ ಬಂದು ಐದು ಪಾಲಿಕೆಗಳಾದಾಗಲೂ ಹೊಸ ಸದಸ್ಯರು ಆಯ್ಕೆಯಾಗಿರಲಿಲ್ಲ.

ಮುಂದಿನ ಹೆಜ್ಜೆಗಳು ಕಾನೂನಿನಲ್ಲಿ ಸ್ಪಷ್ಟವಾಗಿವೆ. ಕ್ಷೇತ್ರವಾರು ಮೀಸಲಾತಿಯ ಕರಡು ಪ್ರಕಟವಾಗಬೇಕು, ಆಕ್ಷೇಪಣೆ ಕೇಳಬೇಕು, ಅಂತಿಮ ಪಟ್ಟಿ ಚುನಾವಣಾ ಆಯೋಗದ ಕೈ ಸೇರಬೇಕು. ಆಮೇಲಿನ ಮತದಾರರ ಪಟ್ಟಿ, ಅಧಿಸೂಚನೆ, ಮತದಾನ ಆಯೋಗದ ಹೊಣೆ. 2020ರ ಕೊನೆಯಲ್ಲಿ ಗೆದ್ದ ಗ್ರಾಮ ಪಂಚಾಯಿತಿಗಳ ಐದು ವರ್ಷವೂ 2026ರ ಆರಂಭದಲ್ಲಿ ತುಂಬುವುದರಿಂದ, ಈ ಲೆಕ್ಕ ಈಗ ಎರಡು ಹಂತಗಳದ್ದಲ್ಲ, ಮೂರರದ್ದು. ಕರಡು ಪಟ್ಟಿ ಬಂದಾಗ ತಮ್ಮ ಕ್ಷೇತ್ರದ ಮೀಸಲಾತಿ ಸರಿಯಿಲ್ಲ ಎನಿಸಿದರೆ ಲಿಖಿತ ಆಕ್ಷೇಪಣೆ ಸಲ್ಲಿಸುವ ಅವಕಾಶ ಸಾಮಾನ್ಯ ಮತದಾರನಿಗೂ ಇದೆ. ಇದುವರೆಗೆ ಅದನ್ನು ಹೆಚ್ಚು ಬಳಸಿದವರು ಅಭ್ಯರ್ಥಿಯಾಗಲು ಹೊರಟವರು. ಈ ಸಲ ಶಾಲೆ, ಆಸ್ಪತ್ರೆ, ನೀರಿನ ಚಿಂತೆ ಇರುವವರೂ ಬಳಸಬೇಕು, ಮತ್ತು ಕರಡು ಯಾವಾಗ ಬರುತ್ತದೆ ಎಂದು ಅದಕ್ಕೂ ಮೊದಲೇ ಕೇಳಬೇಕು.