ಅಗೆಯದೆಯೇ ತಿಳಿದ ಭೂಗರ್ಭ

ಭೂಮಿಯ ಮೇಲ್ಮೈಯಿಂದ ಅದರ ನಡುಬಿಂದುವಿಗೆ ಸುಮಾರು 6,371 ಕಿಲೋಮೀಟರ್ ದೂರವಿದೆ. ಸೋವಿಯತ್ ಒಕ್ಕೂಟವು ಕೋಲಾ ಪರ್ಯಾಯ ದ್ವೀಪದಲ್ಲಿ 1970ರಲ್ಲಿ ಕೊರೆಯಲು ಆರಂಭಿಸಿದ ಬಾವಿ 1989ರಲ್ಲಿ 12,262 ಮೀಟರ್ ಆಳ ಮುಟ್ಟಿತು. ಆ ಆಳದಲ್ಲಿ 100 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇದ್ದೀತೆಂಬ ಅಂದಾಜು ತಪ್ಪಿ 180 ಡಿಗ್ರಿ ಕಂಡುಬಂದಿತು; ಕೊರೆತ ಮುಂದೆ ಸಾಗಲಿಲ್ಲ. ಇಷ್ಟಾದರೂ ಕ್ರಮಿಸಿದ್ದು ಕೇಂದ್ರದ ಹಾದಿಯ ಐನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಹಾಗಿದ್ದೂ ಭೂಕವಚ, ಅದರ ಕೆಳಗಿನ ದಪ್ಪ ಪದರವಾದ ಮ್ಯಾಂಟಲ್, ಹೊರ ಕೇಂದ್ರಗೋಳ, ಒಳ ಕೇಂದ್ರಗೋಳ ಎಂದು ನಾಲ್ಕು ಬಣ್ಣಗಳಲ್ಲಿ ಬಿಡಿಸಿದ ಚಿತ್ರ ಶಾಲೆಯ ಪುಸ್ತಕಗಳಲ್ಲಿ ಇರುತ್ತದೆ. ಆ ಗೆರೆಗಳನ್ನು ಯಾರು, ಯಾವ ಆಧಾರದ ಮೇಲೆ ಎಳೆದರು ಎಂಬುದನ್ನು ಅದೇ ಪುಟದಲ್ಲಿ ಹೇಳದಿರುವುದು ದೊಡ್ಡ ಕೊರತೆಯೆಂದೇ ನನ್ನ ಭಾವನೆ.

ಮೊದಲ ಸುಳಿವು ಸಿಕ್ಕಿದ್ದು ತೂಕದಿಂದ. 1798ರಲ್ಲಿ ಹೆನ್ರಿ ಕ್ಯಾವೆಂಡಿಶ್ ಸಣ್ಣ ಸೀಸದ ಗುಂಡುಗಳನ್ನು ದೊಡ್ಡ ಸೀಸದ ಗುಂಡುಗಳು ಎಷ್ಟು ಸೆಳೆಯುತ್ತವೆ ಎಂಬುದನ್ನು ಅಳೆದರು. ತಮ್ಮ ಮೈಶಾಖದಿಂದ ಗಾಳಿ ಕದಲಿದರೂ ಅಳತೆ ಕೆಡುವುದೆಂದು ಅವರು ಕೋಣೆಯ ಹೊರಗೆ ನಿಂತು ದೂರದರ್ಶಕದ ಮೂಲಕ ನೋಡುತ್ತಿದ್ದರು. ಭೂಮಿಯ ಸರಾಸರಿ ಸಾಂದ್ರತೆ ನೀರಿನ 5.48 ಪಟ್ಟು ಎಂಬುದು ಅವರ ಲೆಕ್ಕ. ಇಂದಿನ ಅಳತೆ 5.51. ಕಾಲ ಕೆಳಗಿನ ಸಾಮಾನ್ಯ ಬಂಡೆ ನೀರಿಗಿಂತ ಮೂರು ಪಟ್ಟು ಕೂಡ ಭಾರವಿಲ್ಲದಿರುವಾಗ, ಉಳಿದ ಭಾರವೆಲ್ಲ ಒಡಲಲ್ಲೇ ಅಡಗಿರಬೇಕು. ಅದು ಕಬ್ಬಿಣದ ಗರ್ಭವೆಂದು ಜರ್ಮನಿಯ ಎಮಿಲ್ ವೀಚರ್ಟ್ 1897ರಲ್ಲಿ ವಾದಿಸಿದರು.

ಅದೇ ವರ್ಷದ ಜೂನ್ 12ರಂದು ಅಸ್ಸಾಂನಲ್ಲಿ ಮಹಾ ಭೂಕಂಪ ಸಂಭವಿಸಿತು. ಅದರ ಅಧ್ಯಯನ ನಡೆಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್, ದೂರದ ಉಪಕರಣಗಳ ದಾಖಲೆಗಳಲ್ಲಿ ಮೂರು ಬಗೆಯ ಅಲೆಗಳನ್ನು ಬೇರ್ಪಡಿಸಿ ಗುರುತಿಸಿದರು. ಹಿಂದೆ ಮುಂದೆ ತಳ್ಳುತ್ತ ಸಾಗುವ ಪಿ ಅಲೆ ಮೊದಲು ಬರುತ್ತದೆ. ಅಡ್ಡಡ್ಡಲಾಗಿ ಅಲುಗಿಸುವ ಎಸ್ ಅಲೆ ಅದರ ಹಿಂದೆ. ಮೇಲ್ಮೈಯಲ್ಲೇ ಹರಡುವ ಅಲೆ ಕೊನೆಗೆ. ಪಿ ಅಲೆ ದ್ರವದಲ್ಲೂ ಸಾಗಬಲ್ಲದು, ಎಸ್ ಅಲೆ ಸಾಗಲಾರದು. ಮುಂದಿನ ಶೋಧಗಳು ಬಹುಮಟ್ಟಿಗೆ ಈ ಅಲೆಗಳ ಮೇಲೆಯೇ ನಿಂತಿವೆ. ಭೂಮಿಯ ಮತ್ತೊಂದು ಮಗ್ಗುಲಿಗೆ ಅಲೆಗಳು ನಿರೀಕ್ಷೆಗಿಂತ ತಡವಾಗಿ ತಲುಪುವುದನ್ನು ಆಧರಿಸಿ, ನಡುವೆ ಬೇರೆಯೇ ಗುಣದ ಕೇಂದ್ರಗೋಳವಿದೆಯೆಂದು ಅವರು 1906ರಲ್ಲಿ ಪ್ರಕಟಿಸಿದರು. 1909ರಲ್ಲಿ ಝಾಗ್ರೆಬ್ ಬಳಿ ನಡೆದ ಕಂಪನದ ದಾಖಲೆಗಳಿಂದ ಆಂದ್ರಿಯಾ ಮೊಹೊರೊವಿಚಿಚ್ ಭೂಕವಚದ ತಳದ ಗಡಿಯನ್ನು ಕಂಡುಕೊಂಡರು. ಕೆಲವೇ ವರ್ಷಗಳಲ್ಲಿ ಬೆನೊ ಗುಟೆನ್‌ಬರ್ಗ್ ಕೇಂದ್ರಗೋಳದ ಅಂಚು 2,900 ಕಿಲೋಮೀಟರ್ ಆಳದಲ್ಲಿದೆಯೆಂದು ಲೆಕ್ಕ ಹಾಕಿದರು. ಆ ಗೋಳ ದ್ರವವೆಂದು ಹೆರಾಲ್ಡ್ ಜೆಫ್ರೀಸ್ 1926ರಲ್ಲಿ ತೋರಿಸಿಕೊಟ್ಟರು.

ಅಲ್ಲಿಗೆ ಎಲ್ಲವೂ ತಿಳಿದಂತಾಯಿತೆಂದು ತೋರಬಹುದಿತ್ತು. ಆದರೆ 1929ರ ಜೂನ್‌ನಲ್ಲಿ ನ್ಯೂಜಿಲೆಂಡಿನ ಮರ್ಚಿಸನ್ ಬಳಿ ನಡೆದ ಭೂಕಂಪದ ದಾಖಲೆಗಳು ಡೆನ್ಮಾರ್ಕಿನ ಇಂಗೆ ಲೆಹ್ಮನ್ ಅವರ ಮೇಜಿಗೆ ಬಂದವು. ದ್ರವಗೋಳದಲ್ಲಿ ಬಾಗಿ ಹೋಗುವುದರಿಂದ ಪಿ ಅಲೆಗಳು ಕಂಪನಕೇಂದ್ರದಿಂದ ಸುಮಾರು 103ರಿಂದ 142 ಡಿಗ್ರಿವರೆಗಿನ (ಭೂಮಿಯ ನಡುಬಿಂದುವಿನಲ್ಲಿ ಅಳೆದ ಕೋನ) ಪಟ್ಟಿಯನ್ನು ತಲುಪಬಾರದು. ಇದಕ್ಕೆ ನೆರಳು ವಲಯವೆಂದು ಹೆಸರು. ಆ ನೆರಳಿನಲ್ಲೂ ಸಣ್ಣ ಅಲೆಗಳ ಗುರುತು ಕಾಗದದ ಮೇಲೆ ಮೂಡಿತ್ತು. ದುರ್ಬಲ ಗುರುತೆಂದು ಅದನ್ನು ಬದಿಗೆ ತಳ್ಳಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಕಂಪ್ಯೂಟರ್ ಇಲ್ಲದ ಆ ದಿನಗಳಲ್ಲಿ ಅವರು ಭೂಕಂಪಗಳ ವೇಳೆ, ಅಲೆಗಳ ವೇಗಗಳನ್ನು ರಟ್ಟಿನ ಚೀಟಿಗಳ ಮೇಲೆ ಬರೆದು, ಓಟ್ಸ್ ಡಬ್ಬಗಳಲ್ಲಿ ಜೋಡಿಸಿಟ್ಟುಕೊಂಡು ಕೈಯಲ್ಲೇ ಲೆಕ್ಕ ಮಾಡುತ್ತಿದ್ದರೆಂದು ಅವರ ಬಂಧುವೊಬ್ಬರು ನೆನಪಿಸಿಕೊಂಡಿದ್ದಾರೆ. ದ್ರವದೊಳಗೆ ಇನ್ನೊಂದು ಗೋಳವಿದ್ದು ಅಲೆಗಳು ಅದಕ್ಕೆ ತಾಗಿ ಇತ್ತ ಹೊರಳಿವೆ ಎಂಬ ಅವರ ತೀರ್ಮಾನ 1936ರಲ್ಲಿ ಪ್ರಕಟವಾಯಿತು. ಆ ಒಳ ಕೇಂದ್ರಗೋಳದ ತ್ರಿಜ್ಯ ಸುಮಾರು 1,220 ಕಿಲೋಮೀಟರ್ ಎಂಬುದು ಈಗಿನ ಅಳತೆ. ಸಾವಿರಾರು ಡಿಗ್ರಿ ಶಾಖವಿದ್ದರೂ ವಾಯುಮಂಡಲದ ಒತ್ತಡದ ಮೂವತ್ತು ಲಕ್ಷ ಪಟ್ಟನ್ನೂ ಮೀರಿದ ಒತ್ತಡದಿಂದಾಗಿ ಅಲ್ಲಿನ ಕಬ್ಬಿಣ ಘನರೂಪದಲ್ಲಿದೆ.

ಪದರಗಳು ಗೊತ್ತಾದ ಮೇಲೆ ಅವುಗಳಲ್ಲಿ ಏನಿದೆ ಎಂಬ ಪ್ರಶ್ನೆ ಉಳಿಯಿತು. 1952ರಲ್ಲಿ ಫ್ರಾನ್ಸಿಸ್ ಬರ್ಚ್, ಮ್ಯಾಂಟಲ್ ಸಿಲಿಕೇಟ್ ಬಂಡೆಗಳದ್ದು, ಕೇಂದ್ರಗೋಳ ಕಬ್ಬಿಣದ್ದು ಎಂಬುದನ್ನು ಗಟ್ಟಿಯಾದ ಆಧಾರಗಳೊಡನೆ ಮಂಡಿಸಿದರು. ಆದರೆ ತೂಕದ ಲೆಕ್ಕ ಮತ್ತೆ ತೊಡಕಾಯಿತು: ಹೊರ ಕೇಂದ್ರಗೋಳವು ಅದೇ ಒತ್ತಡದಲ್ಲಿರುವ ಶುದ್ಧ ಕಬ್ಬಿಣಕ್ಕಿಂತ ಶೇಕಡಾ ಹತ್ತರಷ್ಟು ಹಗುರ. ಕಬ್ಬಿಣದೊಡನೆ ಕರಗಿರುವ ಆ ಹಗುರ ಧಾತು ಗಂಧಕವೋ, ಸಿಲಿಕಾನೋ, ಆಮ್ಲಜನಕವೋ, ಇಂಗಾಲವೋ, ಜಲಜನಕವೋ ಅಥವಾ ಇವುಗಳ ಯಾವ ಮಿಶ್ರಣವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಪ್ರಯೋಗಾಲಯಗಳಲ್ಲಿ ಎರಡು ವಜ್ರದ ಮೊನೆಗಳ ನಡುವೆ ಈ ಮಿಶ್ರಣಗಳ ಕಣಗಳನ್ನಿಟ್ಟು ಹಿಸುಕಿ, ಲೇಸರ್‌ನಿಂದ ಕಾಯಿಸಿ, ಅವುಗಳ ಸಾಂದ್ರತೆ ಮತ್ತು ಅವುಗಳಲ್ಲಿ ಅಲೆ ಸಾಗುವ ವೇಗವನ್ನು ಭೂಕಂಪಗಳು ಬಿಟ್ಟುಹೋದ ಅಂಕಿಗಳೊಡನೆ ಹೋಲಿಸಿ ನೋಡಲಾಗುತ್ತಿದೆ.